ಬಣ್ಣಗಾರರ ಓಣಿಯ ದೊಡ್ಡ ಕೊಪ್ಪರಿಗೆ

ಒಂದಾನೊಂದು ಊರು. ಆ ಊರಿನ ಓಣಿಯೊಂದರಲ್ಲಿ ಸೋಮವಾರ ಕೆಂಪು ಹೊಳೆ ಹರಿದರೆ ಮಂಗಳವಾರ ಹಸಿರು ಹೊಳೆ, ಬುಧವಾರ ನೇರಳೆ ಹೊಳೆ. ಇಷ್ಟು ಹೇಳಿದರೆ ಮುಂದೆ ರಾಜಕುಮಾರಿ ಬರುತ್ತಾಳೆ, ಏಳು ಸಮುದ್ರದಾಚೆಯ ಗಿಳಿ ಬರುತ್ತದೆ ಎಂದು ನೀವು ಕಾಯುತ್ತೀರಿ. ಯಾರೂ ಬರುವುದಿಲ್ಲ. ಆ ಹೊಳೆಗಳೆಂದರೆ ಗಟಾರಗಳು. ಅವುಗಳಲ್ಲಿ ದೊಡ್ಡದನ್ನು ಹೆತ್ತವಳು ನಾನು, ತಾಮ್ರದ ಒಂದು ಕೊಪ್ಪರಿಗೆ.

ನನ್ನನ್ನು ಬಡಿದು ಮಾಡಿದವನು ಒಬ್ಬ ಕಂಚಗಾರ. ಅವನ ಸುತ್ತಿಗೆಯ ಗುರುತುಗಳು ಇಂದಿಗೂ ನನ್ನ ಮೈಮೇಲೆ ಮೀನಿನ ಹುರುಪೆಯ ಹಾಗಿವೆ. ಅವನ ಅಂಗಳದಿಂದ ಚಕ್ಕಡಿ ಏರಿ ಈ ಓಣಿಗೆ ಬಂದೆ. ಇಲ್ಲಿ ಮನೆಮನೆಯಲ್ಲೂ ಸೀರೆಯ ನೂಲಿಗೆ ಬಣ್ಣ ಹಾಕುತ್ತಾರೆ. ಉಳಿದವರ ಪಾತ್ರೆಗಳು ಸಣ್ಣವು. ನನ್ನೊಳಗೆ ಆಳೊಬ್ಬ ಕುಳಿತರೆ ಅವನ ತಲೆ ಮಾತ್ರ ಹೊರಗೆ ಕಾಣುತ್ತಿತ್ತು. ನನ್ನಿಂದಾಗಿ, ನಾನು ಸೇರಿದ ಮನೆಗೆ ದೊಡ್ಡ ಕೊಪ್ಪರಿಗೆಯವರ ಮನೆ ಎಂದೇ ಹೆಸರಾಯಿತು.

ಮೊದಲಿಗೆ ನನ್ನಲ್ಲಿ ದಾಳಿಂಬೆ ಸಿಪ್ಪೆ ಬೆಂದಿತು, ಅರಗು ಬೆಂದಿತು. ಆಮೇಲೆ ಡಬ್ಬಿಯ ಬಣ್ಣಗಳು ಬಂದವು. ಒಂದೇ ಕುದಿಗೆ ನೂಲು ಹೂವಾಗುತ್ತಿತ್ತು. ನೂಲು ಕುಡಿಯದೆ ಬಿಟ್ಟದ್ದು ಓಣಿಯ ಗಟಾರಕ್ಕೆ.

ಆ ಓಣಿಯವರದೊಂದು ರೂಢಿಯಿತ್ತು. ಯಾರ ಮನೆಯ ಮುಂದಿನ ಗಟಾರ ಬಣ್ಣಬಣ್ಣವಾಗಿ ಹರಿಯುತ್ತದೋ ಆ ಮನೆಗೆ ಕೆಲಸವಿದೆ, ಅನ್ನವಿದೆ. ಗಟಾರ ಒಣಗಿದರೆ ಆ ಮನೆ ಮುಳುಗಿತು. ಬೀಗರು ಬರುವ ದಿನ ಇನ್ನೂ ಅದ್ದಬಹುದಾದ ಬಣ್ಣವನ್ನೂ ಸುರಿದು ಗಟಾರ ತುಂಬಿಸುತ್ತಿದ್ದರು. ನನ್ನ ಒಡತಿ ಗೌರವ್ವ ಇದನ್ನು ಹೇಳಿ ನಗುತ್ತಿದ್ದಳು: “ನಮ್ಮಪ್ಪ ಈ ಮನಿಯೊಳಗ ಕಾಲಿಡೂ ಮೊದ್ಲ ಗಟಾರ ನೋಡಿದ. ಕೆಂಪಗ ಹರಿಯಾಕತ್ತಿತ್ತು. ಧಂದೆ ಜೋರೈತಿ ಅಂತ ಅಲ್ಲೇ ಹೂಂ ಅಂದುಬಿಟ್ಟ. ವರನ ಮಾರಿ ನೋಡೂದ ಮರತಿದ್ದ ನೋಡು!”

ಓಣಿ ಇಳಿದಲ್ಲಿ ಒಂದು ಬಾವಿ. ಗಟಾರ ಅದರ ಮಗ್ಗುಲಲ್ಲೇ ಹಾದು ಹೋಗುತ್ತದೆ. ನೆಲ ಎಷ್ಟೆಂದು ಬಣ್ಣವನ್ನು ಹೊಟ್ಟೆಯಲ್ಲಿಟ್ಟುಕೊಂಡೀತು? ಒಂದು ಬೇಸಿಗೆಯಲ್ಲಿ ಮೇಲೆ ಬಂದ ಕೊಡದ ನೀರು ನಸುಗೆಂಪಾಗಿತ್ತು. ಮಕ್ಕಳ ಮೊಣಕೈ ಮೊಣಕಾಲುಗಳಲ್ಲಿ ಹುಣ್ಣು ಎದ್ದವು. ಬಾವಿಯ ಪಕ್ಕದ ಬೇವು ಎಲೆ ಉದುರಿಸಿ ನಿಂತಿತು; ಮತ್ತೆ ಚಿಗುರಲೇ ಇಲ್ಲ. ಜನ ಕ್ಯಾನಿನ ನೀರು ಕುಡಿಯತೊಡಗಿದರು. ಅದ್ದುವ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಗೌರವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಅದು ನೀರಿನಿಂದಲೇ ಬಂತೆಂದು ವೈದ್ಯರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಹಿತ್ತಲಲ್ಲಿ ನನ್ನ ಪಕ್ಕದ ಪಡಸಾಲೆಯಲ್ಲೇ ಆಕೆಯ ಹಾಸಿಗೆ. ಕೊನೆಯ ದಿನ ಬಾವಿಯ ನೀರು ಬೇಕೆಂದಳು. ಸೊಸೆ ಬಸಲಿಂಗವ್ವ ಲೋಟ ಹಿಡಿದಳು.

“ಇದು ಕ್ಯಾನಿಂದು. ಸಾಯಾಕತ್ತೀನಿ ಅಂತ ನಾಲಿಗಿನೂ ಸತ್ತೈತೇನು?”

“ಬಾವೀದು ಕೆಂಪಗೈತ್ರಿ ಅತ್ತಿ. ಹೆಂಗ ಕುಡಸ್ಲಿ?”

“ಕೆಂಪ ಮಾಡಿದವ್ರು ಯಾರು?” ಎಂದು ಮುದುಕಿ ನನ್ನ ಕಡೆ ನೋಡಿದಳು. ನನಗೆ ರೆಪ್ಪೆಯಿಲ್ಲ, ಮುಚ್ಚಿಕೊಳ್ಳಲಾಗಲಿಲ್ಲ. “ಮಂದಿ ಮಾತು ಬಿಡು. ಈ ಮನಿ ಬಣ್ಣ ಇನ್ನ ಆ ಬಾವಿಗೆ ಇಳೀಬಾರದು. ಆಗ್ತದೇನು ನಿನ್ನ ಕೈಲೆ?”

“ಮಾಡ್ತೀನ್ರಿ,” ಎಂದಳು ಬಸಲಿಂಗವ್ವ. ಹೇಗೆಂದು ಆಕೆಗೆ ಗೊತ್ತಿರಲಿಲ್ಲ.

ಆ ವರ್ಷವೇ ಓಣಿಯಲ್ಲಿ ನೀರಿನ ಜಾಗೃತಿಯ ಮೆರವಣಿಗೆ ನಡೆಯಿತು. ಅದರ ಮುಂದೆ ಹಿಡಿಯಲು ಹಸಿರು ಬಟ್ಟೆ ಬೇಕಿತ್ತು. ಅದನ್ನು ಅದ್ದಿದ್ದು ನನ್ನೊಳಗೆ. ಉಳಿದ ಹಸಿರು ಗಟಾರದಲ್ಲಿ ಬಾವಿಯ ಕಡೆ ಹೋಯಿತು. ಬಟ್ಟೆಯ ಮೇಲೆ ‘ನೀರೇ ಜೀವ’ ಎಂದು ಬಿಳಿ ಅಕ್ಷರ ಬಂತು. ಗೌರವ್ವನ ಮಗ ಈಶಪ್ಪ ಅದರ ಒಂದು ತುದಿ ಹಿಡಿದು ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದ. ಅವನ ತೋಳು ಮೊಣಕೈತನಕ ಹಸಿರಾಗಿತ್ತು. ಮಕ್ಕಳು ನೀಲಿ ನೀರಿನ ಬಾವಿಯ ಚಿತ್ರ ಬರೆದು ಬಹುಮಾನ ಪಡೆದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ಮಂದಾಕಿನಿ ಅಕ್ಕೋರು ವಿಷದ ಬಗ್ಗೆ ಚೆನ್ನಾಗಿ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಬಂದು ಒಲೆ ಹೊತ್ತಿಸಿದರು.

ಬಸಲಿಂಗವ್ವ ಮಾತ್ರ ಅಕ್ಕೋರನ್ನು ನನ್ನ ಮುಂದೆ ತಂದು ನಿಲ್ಲಿಸಿದಳು.

“ತಿಳೀತ್ರಿ ಅಕ್ಕೋರ. ವಿಷ ಅನ್ನೂದು ನಿಮಗಿಂತ ಮೊದ್ಲ ನಮ್ಮ ಮೈಗೆ ಗೊತ್ತಾಗೈತಿ. ನಾಳೆ ಮುಂಜಾನೆ ಇದು ತುಂಬ್ತದ. ಎಲ್ಲಿ ಚೆಲ್ಲಲಿ? ಅದೊಂದು ಹೇಳ್ರಿ.”

ಅಕ್ಕೋರು ಚೀಲದಿಂದ ಬಾಟಲಿ ತೆಗೆದರು. “ಒಂದ್ ವಾರ ಕೊಡ್ರಿ,” ಎಂದು ಗಟಾರದ ನೀರನ್ನು ಅದರಲ್ಲಿ ತುಂಬಿಕೊಂಡು ಹೋದರು.

ಮತ್ತೆ ಬಂದಾಗ ಅವರ ಕೈಯಲ್ಲಿ ಸುಣ್ಣವಿತ್ತು, ಪಟಿಕವಿತ್ತು. ಹಿತ್ತಲಲ್ಲಿ ಇಟ್ಟಿಗೆಯ ತೊಟ್ಟಿ ಎದ್ದಿತು. ಬಣ್ಣದ ನೀರಿಗೆ ಇವೆರಡನ್ನು ಕಲಸಿ ಬಿಟ್ಟರೆ ಬಣ್ಣವೆಲ್ಲ ಕೆಸರಾಗಿ ತಳಕ್ಕೆ ಕೂರುತ್ತಿತ್ತು. ಕೆಸರನ್ನು ಒಣಗಿಸಿ, ಚೀಲ ಕಟ್ಟಿ, ಕಾರ್ಖಾನೆಗಳ ವಿಷದ ಕಸ ಒಯ್ಯುವ ಲಾರಿಗೆ ಕೊಡಬೇಕು. ಮೇಲಿನ ನೀರನ್ನು ಇದ್ದಿಲು, ಉಸುಕಿನಲ್ಲಿ ಸೋಸಬೇಕು. ಆದರೆ ನನ್ನ ಒಂದು ಹೊಟ್ಟೆ ನೀರಿಗೇ ತೊಟ್ಟಿ ಉಕ್ಕಿ ಹರಿಯುತ್ತಿತ್ತು. ತೊಟ್ಟಿ ಬೆಳೆಸಲು ಹಿತ್ತಲಲ್ಲಿ ಜಾಗವಿರಲಿಲ್ಲ.

“ಕೊಪ್ಪರಿಗೀನ ಸಣ್ಣದಾಗಬೇಕ್ರಿ,” ಎಂದರು ಅಕ್ಕೋರು. “ಸಣ್ಣ ಪಾತ್ರಿಯೊಳಗ ಅದ್ರಿ. ಇದರ ತಳಕ್ಕ ತೂತು ಹೊಡದು ಇದ್ದಿಲು ತುಂಬಿದ್ರ ಸೋಸಾಕ ಆಗ್ತದ.”

ಈಶಪ್ಪ ನನ್ನ ಕಂಠದ ಮೇಲೆ ಕೈಯಿಟ್ಟು ನಿಂತ. “ನಾಳೆ ಬಂದು ನಮ್ಮಪ್ಪನ ಫೋಟೋಕ್ಕೂ ತೂತು ಹೊಡಿ ಅಂತೀರಿ ನೀವು. ಸಣ್ಣ ಪಾತ್ರಿಗೆ ಸಣ್ಣ ಕೆಲಸ ಬರ್ತದ ಅಕ್ಕೋರ. ಹೊಟ್ಟಿ ಏನ್ ಸಣ್ಣದಾಗ್ತದೇನು?”

ಅವನ ಮಾತು ಸುಳ್ಳಲ್ಲ. ಆದರೂ ಬಸಲಿಂಗವ್ವ ಹಿತ್ತಲಿನಿಂದ ಗಟಾರಕ್ಕೆ ಹೋಗುವ ಕಂಡಿಗೆ ಸಿಮೆಂಟು ಮೆತ್ತಿದಳು. ಅಂದಿನಿಂದ ತೊಟ್ಟಿಯ ನೀರು ಬಿಸಿಲಿಗೆ ಆರಿದಷ್ಟೇ ಅದ್ದುವುದಾಯಿತು. ಕೆಲಸ ಅರ್ಧಕ್ಕೆ ಇಳಿಯಿತು. ಮನೆಯ ಮುಂದಿನ ಗಟಾರ ಒಣಗಿ ಸೀಳು ಬಿಟ್ಟಿತು.

ಎದುರುಮನೆಯ ಗೂಳಪ್ಪ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದ: “ಏನೋ ಈಶಪ್ಪಾ, ಗಟಾರದಾಗ ಹುಡುಗ್ರು ಗೋಲಿ ಆಡಾಕತ್ತಾರ! ಕೊಪ್ಪರಿಗಿ ಗುಜರಿಗೆ ಹಾಕೀಯೇನು?”

ಆಗಲೇ ಈಶಪ್ಪನ ಮಗಳು ಶಿವಗಂಗಾಳಿಗೆ ಸಂಬಂಧವೊಂದು ಕೂಡಿಬಂತು. ಹುಡುಗನ ಫೋಟೋವನ್ನು ಆಕೆ ನನ್ನ ಮರೆಯಲ್ಲಿ ನಿಂತು ನೋಡುತ್ತಿದ್ದಳು, ಒಬ್ಬಳೇ ನಗುತ್ತಿದ್ದಳು. ಬೀಗರು ಬರುವ ಮುಂಜಾನೆ ಈಶಪ್ಪ ಉಳಿ, ಸುತ್ತಿಗೆ ಹಿಡಿದು ಕಂಡಿಯ ಕಡೆ ನಡೆದ.

“ಇದೊಂದಿನಾ ಬಿಡೂಣು. ತೊಟ್ಟಿಯೊಳಗ ಹೆಂಗೂ ಕೆಂಪ ತುಂಬೈತಿ. ಅವ್ರು ಹೋದ ಮ್ಯಾಲೆ ಮತ್ತ ಮುಚ್ಚಿಕೋ.”

“ನಾ ಅತ್ತಿಗೆ ಮಾತು ಕೊಟ್ಟೀನ್ರಿ.”

“ಸತ್ತವ್ರಿಗೆ ಕೊಟ್ಟ ಮಾತಿಗೆ ಇದ್ದ ಮಗಳನ್ನ ಮನಿಯಾಗ ಕೊಳಸ್ತೀಯೇನು?”

ಬಸಲಿಂಗವ್ವ ಪಕ್ಕಕ್ಕೆ ಸರಿದದ್ದನ್ನು ನಾನು ನೋಡಿದೆ. ಆಗ ಹೊಸ ಸೀರೆಯುಟ್ಟ ಶಿವಗಂಗಾ ಬಂದು ಆ ಸಿಮೆಂಟಿಗೆ ಬೆನ್ನು ಕೊಟ್ಟು ಕುಳಿತಳು.

“ಅಪ್ಪಾ, ಗಟಾರ ನೋಡಿ ಒಯ್ದವ್ರು ಅಲ್ಲೂ ನನ್ನ ಕೈಲೆ ಗಟಾರ ತುಂಬಸ್ತಾರ. ಅಲ್ಲೂ ಒಂದು ಬಾವಿ ಇರ್ತದ.”

ಬೀಗರು ಟೆಂಪೊದಿಂದ ಇಳಿದರು. ಹಿರಿಯನೊಬ್ಬ ಒಣಗಟಾರವನ್ನು ಕೋಲಿನಿಂದ ಕೆದಕಿದ. ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಒಳಗೆ ಬಂದು ಕುಳಿತರಾದರೂ ಉಪ್ಪಿಟ್ಟಿನ ತಾಟು ಮುಟ್ಟಲಿಲ್ಲ. “ಹೊತ್ತಾತ್ರಿ, ಮತ್ತೊಮ್ಮಿ ಬರ್ತೀವಿ,” ಎಂದು ಎದ್ದರು. ಹುಡುಗ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದ, ಅಷ್ಟೆ. ಶಿವಗಂಗಾ ತುಂಬಿದ ತಾಟುಗಳನ್ನು ಒಂದೊಂದಾಗಿ ಒಳಗಿಟ್ಟಳು. ಅಳುವುದನ್ನು ಹಿತ್ತಲಿಗೆ ಬಂದು ಅತ್ತಳು, ನನಗೆ ಒರಗಿ. ಆಕೆಯ ಬಿಕ್ಕು ನನ್ನ ಖಾಲಿ ಹೊಟ್ಟೆಯಲ್ಲಿ ಗುಂಯ್ಗುಟ್ಟಿತು.

ಈಶಪ್ಪ ಅದನ್ನು ಕೇಳಿ ಹಿತ್ತಲಿಗೆ ಬಂದ. ಉಳಿ, ಸುತ್ತಿಗೆ ಎತ್ತಿಕೊಂಡ. ಕಂಡಿ ಒಡೆಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಮಗುಚಿ ಹಾಕಿದ. ಅಪ್ಪ, ಅಜ್ಜ ಇಬ್ಬರೂ ಹುಣಸೆಹಣ್ಣು ಹಚ್ಚಿ ಉಜ್ಜಿದ ನನ್ನ ತಳಕ್ಕೆ ಮೊದಲ ಏಟು ಮೆಲ್ಲಗೆ ಹಾಕಿದ. ಎರಡನೆಯ ಏಟಿಗೆ ತೂತು ಬಿತ್ತು. ನೋವಾಯಿತೇ ಎಂದು ಕೇಳಬೇಡಿ. ಹುಟ್ಟುವಾಗಲೂ ನಾನು ಪೆಟ್ಟು ತಿಂದೇ ಹುಟ್ಟಿದವಳು.

ನನ್ನಲ್ಲಿ ಜಲ್ಲಿ, ಉಸುಕು, ಇದ್ದಿಲು ತುಂಬಿದರು. ಒಲೆಯ ಮೇಲೆ ಸಣ್ಣ ಪಾತ್ರೆ ಏರಿತು. ಈಶಪ್ಪ ಕೆಂಪು ಅದ್ದಿದ. ಆ ನೀರು ತೊಟ್ಟಿಯಲ್ಲಿ ತಂಗಿ, ತಿಳಿಯಾಗಿ, ನನ್ನೊಳಗೆ ಇಳಿದು ಹನಿಹನಿಯಾಗಿ ಕೆಳಗಿನ ಕೊಳವೆಗೆ ಬಂತು. ಬಸಲಿಂಗವ್ವ ಗಾಜಿನ ಲೋಟ ಹಿಡಿದು ಬಿಸಿಲಿಗೆತ್ತಿದಳು. ಕುಡಿಯುವ ನೀರಲ್ಲ ಅದು. ಆದರೆ ಲೋಟದಾಚೆ ಮಗಳ ಮುಖ ಮುಖದ ಬಣ್ಣದಲ್ಲೇ ಕಾಣುತ್ತಿತ್ತು. ಮರುದಿನದ ಅದ್ದುವಿಕೆಗೆ ಬೇಕಾದಷ್ಟು ಎತ್ತಿಟ್ಟು, ಮಿಕ್ಕಿದ್ದನ್ನು ಕಂಡಿ ತೆರೆದು ಬಿಟ್ಟರು.

ಗೂಳಪ್ಪ ಕಟ್ಟೆಯಿಂದ ಬಗ್ಗಿ ನೋಡಿದ. “ಏನೋ ಇದು, ಬರೇ ನೀರು? ಧಂದೆ ಮುಚ್ಚಿದೇನೋ?”

“ಇಲ್ಲೋ ಮಾರಾಯಾ,” ಎಂದ ಈಶಪ್ಪ, “ಈಗಷ್ಟ ಕೆಂಪ ಅದ್ದಿ ಬಂದೀನಿ.”

ಬಾವಿ ಇನ್ನೂ ಕೆಂಪಗೇ ಇದೆ. ಉಳಿದ ಮನೆಗಳ ಗಟಾರಗಳು ಹರಿಯುತ್ತಲೇ ಇವೆ. ಶಿವಗಂಗಾಳನ್ನು ಕೇಳಿಕೊಂಡು ಮತ್ತೆ ಯಾರೂ ಬಂದಿಲ್ಲ. ಒಂದು ಕಾಲಕ್ಕೆ ಬಣ್ಣ ಕುದಿಸಿದ ನಾನು ಈಗ ಅದರ ಕೊಳೆಯನ್ನು ಹೊಟ್ಟೆಯಲ್ಲಿ ಹಿಡಿದು ಮೂಲೆಯಲ್ಲಿ ಕೂತಿದ್ದೇನೆ. ಮೊದಲ ಸಲ ತಿಳಿನೀರು ಬಿಟ್ಟ ದಿನ ಬಸಲಿಂಗವ್ವ ಗಟಾರದ ಗುಂಟ ನಡೆಯುತ್ತ ನಮ್ಮ ಮನೆಯ ನೀರು ಬಾವಿ ದಾಟುವವರೆಗೂ ಹೋದಳು. ತಿರುಗಿ ಬಂದು, ಅತ್ತೆ ಮಲಗುತ್ತಿದ್ದ ಪಡಸಾಲೆಯ ಹೊಸ್ತಿಲಲ್ಲಿ ಕೂತು, “ಆತ್ರಿ ಅತ್ತಿ,” ಎಂದಳು.