ಬೂಷ್ಟು ಹಿಡಿದ ಲೆನ್ಸು

ಪಾಸ್‌ಪೋರ್ಟು ತನ್ನ ಭಾವನನ್ನು ದ್ವೇಷಿಸಿದಷ್ಟು ಈ ಭೂಮಿಯ ಮೇಲೆ ಯಾರೂ ಯಾರನ್ನೂ ದ್ವೇಷಿಸಿದ್ದಿಲ್ಲ. ಯುದ್ಧ ಮಾಡುವ ದೇಶಗಳು ಕೂಡ ಊಟದ ಹೊತ್ತಿಗೆ ಒಂದಿಷ್ಟು ಬಿಡುವು ತೆಗೆದುಕೊಳ್ಳುತ್ತವೆ. ಇವನು ಊಟದಲ್ಲೂ ಭಾವನನ್ನೇ ಅಗಿಯುತ್ತಿದ್ದ.

ಪಾಸ್‌ಪೋರ್ಟು ಎನ್ನುವುದು ಬೀದಿಯವರು ಇಟ್ಟ ಹೆಸರು. ಮೆಟ್ಟಿಲ ಕೆಳಗಿನ ಹತ್ತಡಿ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವನು ತೆಗೆದ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಕಪ್ ಚಹಾ ಕುಡಿದು, ಬೇರೆ ದಾರಿಯಲ್ಲಿ ವಾಪಸು ಬರಬಹುದಿತ್ತು. ಆ ಸ್ಟುಡಿಯೋದ ಗೋಡೆಗೆ ಎಷ್ಟು ತೇವವೆಂದರೆ, ಕ್ಯಾಲೆಂಡರು ಜನವರಿಯಲ್ಲಿ ತೂಗುಹಾಕಿದರೆ ಮಾರ್ಚಿನ ಹೊತ್ತಿಗೆ ಬಟ್ಟೆಯಂತೆ ಹಿಂಡಬಹುದು. ಅವನ ಬಳಿ ಇದ್ದದ್ದು ಒಂದೇ ಹಳೆಯ ಕ್ಯಾಮೆರಾ, ಒಂದೇ ಹಳೆಯ ಲೆನ್ಸು. ಆ ಲೆನ್ಸಿನ ಒಳಗಾಜಿಗೆ ಬೂಷ್ಟು ಹಿಡಿದು ಏಳು ವರ್ಷವಾಗಿತ್ತು.

ಭಾವನ ಕಥೆಯೇ ಬೇರೆ. ಆತ ವಿಮಾ ಕಚೇರಿಯ ಗುಮಾಸ್ತ. ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಬ್ಲಾಗುಗಾರ. 'ಸೂಜಿಮೊನೆ ಫೋಕಸ್' ಎಂಬ ಆತನ ಬ್ಲಾಗಿನಲ್ಲಿ ಲೆನ್ಸುಗಳ ಗುಣಗಾನ ಎಷ್ಟಿತ್ತೆಂದರೆ, ದೇವತೆಗಳು ಓದಿದ್ದರೆ ಹೊಟ್ಟೆಕಿಚ್ಚಿನಿಂದ ಸತ್ತೇ ಹೋಗುತ್ತಿದ್ದರು. ಮೂವತ್ತೊಂದು ಲೆನ್ಸುಗಳು ತೇವ ಹೀರುವ ಯಂತ್ರವಿದ್ದ ಗಾಜಿನ ಬೀರುವಿನಲ್ಲಿ ಮಲಗಿರುತ್ತಿದ್ದವು. ಮನೆಯವರ ಬಟ್ಟೆ ಹಸಿಯಾಗಿಯೇ ಹೆಗಲೇರಿದರೂ ಸರಿ, ಬೀರುವಿಗೆ ಮಾತ್ರ ಒಂದು ಹನಿ ತಾಗಕೂಡದು. ಇಷ್ಟಿದ್ದೂ ಆತ ತೆಗೆಯುತ್ತಿದ್ದದ್ದು ಇಟ್ಟಿಗೆ ಗೋಡೆ, ಬಾಟಲಿ ಮುಚ್ಚಳ, ಮತ್ತೆ ಇಟ್ಟಿಗೆ ಗೋಡೆ.

ಒಂದು ಶನಿವಾರ ಬೆಳಗ್ಗೆ, ಫೋಟೋ ತೆಗೆಸಿಕೊಳ್ಳಲು ಬಂದ ಔಷಧಿ ಅಂಗಡಿಯಾತ ಆ ಬ್ಲಾಗು ತೆರೆದ ಫೋನು ಮುಂದೆ ಹಿಡಿದ. "ನಿಮ್ ಭಾವ ಏನ್ ತೆಗೆದಿದ್ದಾರೆ ನೋಡ್ರೀ! ಕಣ್ಣಿಗೊತ್ಕೋಬೇಕು!"

ಪಾಸ್‌ಪೋರ್ಟು ನೋಡಿದ. ಅವನ ರಕ್ತ ಹಾಲು ಉಕ್ಕಿದಂತೆ ಉಕ್ಕಿತು.

ಅದು ಅವನ ಅಕ್ಕನ ಫೋಟೋ, ಅಂದರೆ ಭಾವನ ಹೆಂಡತಿಯದು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ದಾರವನ್ನು ಹಲ್ಲಿನಲ್ಲಿ ಕಡಿಯುತ್ತಿದ್ದಾಳೆ. ಕಿಟಕಿಯ ಬೆಳಕು ಅರ್ಧ ಮುಖಕ್ಕೆ. ಹಿಂದೆ ಗುಂಡಿಗಳ ಗಾಜಿನ ಡಬ್ಬಿ, ಅದರ ಹೊಳಪೆಲ್ಲ ಮಸುಕಾದ ದುಂಡು ದುಂಡು ದೀಪಗಳಾಗಿವೆ. ತಾನಿರುವುದನ್ನು ಅಕ್ಕ ಮರೆಯಲಿ ಎಂದು ಪಾಸ್‌ಪೋರ್ಟು ಅದನ್ನು ತೆಗೆದ ದಿನ ಬಟ್ಟೆಯ ಗಂಟಿನ ಮೇಲೆ ಇಡೀ ಮಧ್ಯಾಹ್ನ ಬೊಂಬೆಯಂತೆ ಕೂತಿದ್ದ. ಕಾಲು ಜೋಮು ಹಿಡಿದು, ಮತ್ತೆ ಬಿಟ್ಟು, ಮತ್ತೆ ಹಿಡಿದಿತ್ತು. ತೆಗೆದದ್ದು ಒಂದೇ ಒಂದು. ಇಪ್ಪತ್ತೆರಡು ವರ್ಷದಲ್ಲಿ ಇದು ನನ್ನದು ಎಂದು ಎದೆ ತಟ್ಟಿಕೊಳ್ಳಬಹುದಾದ ಒಂದೇ ಚಿತ್ರ. ಅಕ್ಕನಿಗೆಂದು ಅವರ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದ.

ಅದರ ಕೆಳಗೆ ಭಾವ ಹನ್ನೆರಡು ಪ್ಯಾರಾ ಜಡಿದಿದ್ದ. ಯಾವುದೋ ಕಂಪನಿ ವಿಮರ್ಶೆಗೆಂದು ಕಳಿಸಿದ ಹೊಸ ಲೆನ್ಸಿನಲ್ಲಿ ತೆಗೆದದ್ದಂತೆ. 'ಹಾಲಿನಲ್ಲಿ ಮಿಂದ ಬೆಳಕು' ಅಂತೆ. 'ಹೊಳಪಿನ ವೃತ್ತಗಳೊಳಗೆ ಬೇರಿನಂಥ ಸೂಕ್ಷ್ಮ ಗೆರೆಗಳನ್ನು ಗಮನಿಸಿ, ಇದು ಹೊಸ ಲೇಪನದ ಪವಾಡ' ಅಂತೆ. ಕೊನೆಗೊಂದು ಒದೆ: 'ಗಲ್ಲಿ ಸ್ಟುಡಿಯೋದವರು ಕೆಟ್ಟ ಗಾಜಿನಿಂದ ಕಲೆಯ ಕತ್ತು ಹಿಸುಕುತ್ತಿದ್ದಾರೆ.'

ಪಾಸ್‌ಪೋರ್ಟು ಔಷಧಿ ಅಂಗಡಿಯಾತನನ್ನು ಸ್ಟೂಲಿನ ಮೇಲೇ ಬಿಟ್ಟು ಭಾವನ ಮನೆಗೆ ಹೊರಟ. ಅವನು ನಡೆದ ರಭಸಕ್ಕೆ ಬೀದಿಯ ಎರಡೂ ಬದಿಯ ಬೋರ್ಡುಗಳು ತಿರುಗಿ ನಿಂತವು.

"ಭಾವಾ, ಆ ಫೋಟೋ ನಂದು."

ಭಾವ ಲೆನ್ಸು ಒರೆಸುತ್ತಾ ತಲೆಯೆತ್ತಲಿಲ್ಲ. "ಓ ಅದಾ? ಮನೆ ಕಂಪ್ಯೂಟರಲ್ಲಿತ್ತು, ಹಾಕ್ದೆ. ಮನೇದು ಅಂದ್ಮೇಲೆ ನಿಂದೇನು ನಂದೇನು?"

"ಹೌದಾ? ಹಾಗಾದ್ರೆ ಬೀರು ಕೀಲಿ ಕೊಡಿ. ಅದೂ ಮನೇದೇ ತಾನೆ?"

ಭಾವನ ಕೈ ತಾನಾಗಿಯೇ ಅಂಗಿಯ ಜೇಬು ಮುಚ್ಚಿತು. "ತಮಾಷೆ ಸಾಕು. ಏನ್ ಬೇಕು ನಿಂಗೆ?"

"ಕೆಳಗೆ ನನ್ನ ಹೆಸರು. ಅಷ್ಟೇ. ಅದಿಲ್ದೇ ನಾನು ಈ ಹೊಸ್ತಿಲು ಇನ್ನೊಂದ್ಸಲ ತುಳಿಯೋದಿಲ್ಲ."

"ನಿನ್ನ ಹೆಸರು ಹಾಕಿದ್ರೆ ಲೆನ್ಸ್ ಯಾವ್ದು ಅಂತ ಕೇಳ್ತಾರಪ್ಪಾ. ನಾಳೆ ಫೋಟೋ ಕ್ಲಬ್ಬಲ್ಲಿ ಅದರ ಮೇಲೇ ನನ್ನ ಭಾಷಣ ಇದೆ. ನೀನು ಹೋಗು, ಗಲ್ಲ ಎತ್ತಿ, ಕಿವಿ ಕಾಣ್ಲಿ ಅಂತ ಹೇಳ್ಕೊಂಡಿರು. ಕಲೆ ಗಿಲೆ ನಿಂಗ್ಯಾಕೆ?"

ಪಾಸ್‌ಪೋರ್ಟು ಹಲ್ಲು ಕಚ್ಚಿದ ಸದ್ದು ಮೂರನೇ ಮನೆಗೆ ಕೇಳಿಸಿತು.

ಭಾನುವಾರ ಹತ್ತು ಗಂಟೆಗೆ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಅಲ್ಲಿದ್ದ ಐವತ್ತು ಜನರ ಕುತ್ತಿಗೆಯಲ್ಲಿ ಎಂಬತ್ತು ಕ್ಯಾಮೆರಾ. ಸಭಾಂಗಣದ ನೆಲ ಒಂದಿಂಚು ಕುಸಿದಿತ್ತೆಂದು ನೋಡಿದವರು ಹೇಳುತ್ತಾರೆ. ಎದುರಿಗೆ ದೊಡ್ಡ ಬಿಳಿ ಪರದೆ. ಅದನ್ನು ಹೊಲಿದುಕೊಟ್ಟ ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಳು, ಪರದೆಯ ಮೇಲೂ ಎಂಟಡಿ ಅಗಲಕ್ಕೆ ಹರಡಿದ್ದಳು.

"ಸಬ್ಜೆಕ್ಟು ಬಿಡಿ, ಯಾರೋ ಒಬ್ಬ ಹೆಂಗಸು," ಎಂದು ಭಾವ ಕೋಲಿನಿಂದ ಹೆಂಡತಿಯ ಕೆನ್ನೆ ದಾಟಿ ಗುಂಡಿ ಡಬ್ಬಿಗೆ ಹೋದ. "ಈ ಬೇರುಗಳನ್ನ ನೋಡಿ. ಲೋಕದ ಇನ್ಯಾವ ಲೆನ್ಸಿಗೂ ಇದು ಬರೋದಿಲ್ಲ."

"ಬರುತ್ತೆ!" ಪಾಸ್‌ಪೋರ್ಟು ಎದ್ದು ನಿಂತ. "ಏಳು ವರ್ಷ ಒರೆಸ್ದೇ ಇಟ್ರೆ ಬರುತ್ತೆ."

ಜೇಬಿನಿಂದ ಹಳೆಯ ಲೆನ್ಸು ತೆಗೆದು, ಹಿಂದಿನಿಂದ ಟಾರ್ಚು ಬಿಟ್ಟು, ಮುಂದಿನ ಸಾಲಿನವರ ಮೂಗಿಗೆ ಹಿಡಿದ. ಗಾಜಿನೊಳಗೆ ಬೂಷ್ಟು ಆಲದ ಮರದಂತೆ ಬೇರು ಬಿಟ್ಟಿತ್ತು. ಅವರು ಲೆನ್ಸು ನೋಡಿದರು, ಪರದೆ ನೋಡಿದರು, ಮತ್ತೆ ಲೆನ್ಸು ನೋಡಿದರು. ಎಡಕ್ಕೆ ಮೂರು ಕವಲು, ಬಲಕ್ಕೊಂದು ಕೊಕ್ಕೆ. ಪ್ರತಿ ವೃತ್ತದಲ್ಲೂ ಅದೇ ಕವಲು, ಅದೇ ಕೊಕ್ಕೆ.

"ಇದು ಬೂಷ್ಟು ಕಣ್ರೀ!" ಎಂದ ಮುದಿ ಸದಸ್ಯನೊಬ್ಬ.

ಮೂವತ್ತೊಂದು ಲೆನ್ಸನ್ನು ಸುಡುಬಿಸಿಲಲ್ಲಿಟ್ಟಂತೆ ಒಣಗಿಸಿಟ್ಟ ಮನುಷ್ಯ ಜೀವಮಾನದಲ್ಲಿ ಬೂಷ್ಟು ಕಂಡಿದ್ದರೆ ತಾನೆ! ಭಾವನ ಮುಖ ಇಟ್ಟಿಗೆ ಗೋಡೆಯಾಯಿತು. ಆತ ತನ್ನ ಕ್ಯಾಮೆರಾದಿಂದ ತೆಗೆಯುವಂಥದ್ದೇ.

"ಕುಟುಂಬದ ಮಾತು, ಆಮೇಲೆ ಕೂತು ಮಾತಾಡೋಣ," ಎಂದು ಆತ ಕೋಲು ಕೆಳಗಿಟ್ಟ.

"ಆಮೇಲೆ ಯಾಕ್ರೀ?" ಕೊನೆಯ ಸಾಲಿನಿಂದ ಅಕ್ಕ ಎದ್ದು ಬಂದಳು. "ಹನ್ನೆರಡು ಪ್ಯಾರಾ ಬರೆದ್ರಿ. ಗುಂಡಿ ಡಬ್ಬಿಗೆ ಎರಡು ಪ್ಯಾರಾ. ನಾನು ಯಾರೋ ಒಬ್ಬ ಹೆಂಗಸಾ?"

"ಅದು ತಾಂತ್ರಿಕ ಭಾಷೆ ಕಣೇ..."

"ನಿಮ್ಮ ತಾಂತ್ರಿಕಕ್ಕೆ ಬೆಂಕಿ ಹಾಕ. ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ. ನಾನು ಹೇಳಿದ್ದು ಬರೀರಿ."

ಪಾಸ್‌ಪೋರ್ಟಿನ ಎದೆ ಸೋಫಾದಂತೆ ಉಬ್ಬಿತು. ಅಕ್ಕ ಅವನತ್ತಲೂ ತಿರುಗಿದಳು.

"ನೀನೇನೋ ಹಲ್ಲು ಕಿಸೀತಿದ್ದೀಯ? ನಿನ್ನ ಹೆಸರು, ನಿನ್ನ ಹೆಸರು ಅಂತ ಕುಣಿದ್ಯಲ್ಲ, ನನ್ನ ಮುಖ ಊರಿಗೆಲ್ಲ ಹಂಚೋ ಮೊದ್ಲು ಇಬ್ಬರಲ್ಲಿ ಒಬ್ಬರಾದ್ರೂ ನನ್ನನ್ನ ಕೇಳಿದ್ರಾ? ಅವತ್ತು ನಂಗೆ ದವಡೆ ಹಲ್ಲು ಸಿಡೀತಿತ್ತು. ಪ್ರಾಣ ಹೋಗ್ತಿತ್ತು. ನೀನು ಮೂಲೇಲಿ ಗೂಬೆ ಥರ ಕೂತಿದ್ದೆ. ಒಂದು ಲೋಟ ಬಿಸಿನೀರು ತಂದುಕೊಟ್ಯಾ?"

ಪಾಸ್‌ಪೋರ್ಟಿನ ಉಬ್ಬಿದ ಎದೆ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಭಾವ ಟೈಪು ಮಾಡಿದ. ಪರದೆಯ ಮೇಲೆ, ಚಿತ್ರದ ಕೆಳಗೆ, ಅಡಿ ಎತ್ತರದ ಅಕ್ಷರಗಳು ಒಂದೊಂದೇ ಬಂದವು: ಇದರಲ್ಲಿರುವುದು ನನ್ನ ಹೆಂಡತಿ. ಅವಳನ್ನು ಕೇಳದೆ ಹಾಕಿದ್ದೇನೆ. ತೆಗೆದವನು ಅವಳ ತಮ್ಮ. ಅದರ ಮುಂದೆ ಪಾಸ್‌ಪೋರ್ಟಿನ ಪೂರ್ತಿ ಹೆಸರು, ಇನಿಷಿಯಲ್ಲು ಸಮೇತ.

ತನ್ನ ಹೆಸರನ್ನು ಅಷ್ಟು ದೊಡ್ಡದಾಗಿ ಅವನು ಎಂದೂ ನೋಡಿರಲಿಲ್ಲ. ಚಪ್ಪಾಳೆಗೆ ಕಾದ. ಬರಲಿಲ್ಲ. ತಿರುಗಿ ನೋಡಿದರೆ ಪರದೆಯ ಕಡೆ ಒಂದು ನರಪಿಳ್ಳೆಯೂ ಇಲ್ಲ. ಐವತ್ತು ಜನವೂ ಅವನು ಮೇಜಿನ ಮೇಲಿಟ್ಟಿದ್ದ ಬೂಷ್ಟು ಲೆನ್ಸಿಗೆ ಇರುವೆಗಳಂತೆ ಮುತ್ತಿದ್ದರು.

"ಯಾವ ವರ್ಷದ್ದು ಇದು?"

"ನಂದ್ರಲ್ಲೂ ಬೂಷ್ಟಿತ್ತು ಕಣೋ, ದುಡ್ಡು ಕೊಟ್ಟು ಕ್ಲೀನ್ ಮಾಡಿಸ್ಬಿಟ್ಟೆ, ಥೂ!"

"ಬಚ್ಚಲಲ್ಲಿಟ್ರೆ ಎಷ್ಟು ತಿಂಗಳಿಗೆ ಬರಬಹುದು?"

ಭಾವ ಕೂಡ ಕುರ್ಚಿಯಿಂದ ಕತ್ತು ಚಾಚಿ, ಬೂಷ್ಟಿನ ಕವಲುಗಳನ್ನು ಎಣಿಸಿ, ಏನನ್ನೋ ಗುರುತು ಹಾಕಿಕೊಳ್ಳುತ್ತಿದ್ದ. ಅಕ್ಕ ಪ್ರೊಜೆಕ್ಟರಿನ ವಯರು ಕಿತ್ತಳು. ಅವಳ ಮುಖವೂ ತಮ್ಮನ ಹೆಸರೂ ಒಟ್ಟಿಗೇ ಆರಿಹೋದವು. ಪರದೆಯನ್ನು ಬಿಚ್ಚಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ಇಬ್ಬರ ಮುಖವನ್ನೂ ನೋಡದೆ ಹೊರಟುಹೋದಳು.

ಕುತ್ತಿಗೆಗೆ ಮೂರು ಕ್ಯಾಮೆರಾ ನೇತುಹಾಕಿಕೊಂಡವನೊಬ್ಬ ಪಾಸ್‌ಪೋರ್ಟಿನ ತೋಳು ಹಿಡಿದ. "ಸಾರ್, ನೀವೇನಾ ಇದರ ಓನರ್ರು? ನನ್ನದೊಂದು ಹೊಸ ಲೆನ್ಸಿದೆ, ನಿಮ್ಮ ಸ್ಟುಡಿಯೋದಲ್ಲಿ ಒಂದು ವರ್ಷ ಇಟ್ಕೋತೀರಾ?"

ಪಾಸ್‌ಪೋರ್ಟು ಕೊಟ್ಟ ಉತ್ತರವನ್ನು ಇಲ್ಲಿ ಅಚ್ಚು ಹಾಕಿದರೆ ಕಾಗದ ಹೊತ್ತಿಕೊಳ್ಳುತ್ತದೆ. ಆ ಮನುಷ್ಯ ಮಾತ್ರ ಬೇಜಾರು ಮಾಡಿಕೊಳ್ಳದೆ, "ಹಾಗಾದ್ರೆ ಆರು ತಿಂಗಳು?" ಎಂದ.