ಹೆಂಗಸರ ಕ್ಯೂ

ಮದ್ರಾಸಿಗೆ ಕನ್ನಡ ಸಿನಿಮಾ ಬರುವುದೇ ಅಪರೂಪ. ಬಂದರೂ ಭಾನುವಾರ ಬೆಳಿಗ್ಗೆ ಒಂದೇ ಆಟ. ಅವತ್ತು ವಡಪಳನಿಯ ಟಾಕೀಸಿನ ಅಂಗಳಕ್ಕೆ ರೈಲ್ವೆಯವರು, ಬ್ಯಾಂಕಿನವರು, ಹೋಟೆಲಿನವರು ಎಲ್ಲ ಸಂಸಾರ ಸಮೇತ ಬಂದು ಬೀಳುತ್ತಿದ್ದರು. ಮಕ್ಕಳು ತಮಿಳಿನಲ್ಲಿ ಹಟ ಮಾಡುತ್ತಿದ್ದವು, ತಾಯಂದಿರು ಕನ್ನಡದಲ್ಲಿ ಬೈಯುತ್ತಿದ್ದರು. ನಂಜುಂಡ ಮಾತ್ರ ಗೇಟಿನಿಂದ ಸೋಡಾ ಅಂಗಡಿಗೆ, ಸೋಡಾ ಅಂಗಡಿಯಿಂದ ಗೇಟಿಗೆ ಅಲೆಯುತ್ತಿದ್ದ.

"ಒಂದು ಕಡೆ ನಿಲ್ಲು ಮಾರಾಯ," ಅಂದ ವಿಷ್ಣುಮೂರ್ತಿ. "ನಿನ್ನನ್ನು ನೋಡಿ ನೋಡಿ ನನಗೆ ತಲೆ ತಿರುಗ್ತದೆ."

ವಿಷ್ಣುಮೂರ್ತಿ ಕುಂದಾಪುರದ ಕಡೆಯವನು. ಹತ್ತಿರದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಪಕ್ಕದಲ್ಲಿದ್ದ ರಮೇಶ್ ವಿಮಾ ಕಚೇರಿಯ ಗುಮಾಸ್ತ, ಹುಟ್ಟಿ ಬೆಳೆದದ್ದೆಲ್ಲ ಮದ್ರಾಸಿನಲ್ಲೇ. ನಂಜುಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮೈಸೂರು ಕಡೆಯ ಹಳ್ಳಿಯವನು, ಕೋಪ ಸದಾ ಮೂಗಿನ ತುದಿಯಲ್ಲಿ. ಈ ಮೂವರನ್ನು ಸ್ನೇಹಿತರನ್ನಾಗಿ ಮಾಡಿದ್ದೇ ಈ ಟಾಕೀಸಿನ ಅಂಗಳ.

"ಬತ್ತಾಳೋ ಇಲ್ವೋ," ಅಂದ ನಂಜುಂಡ.

"ಬರ್ತಾರಣ್ಣ. ನನ್ನ ಹೆಂಡ್ತೀನೇ ವಿಚಾರಿಸಿದಾಳೆ. ಸರಸ ಅತ್ತಿಗೆ ಪೋರೂರಿಂದ ಬರೋದು ಗ್ಯಾರಂಟಿ," ಅಂದ ರಮೇಶ್.

"ಸಿನಿಮಾಕ್ಕೆ ಬತ್ತಾಳೋ, ನನಗೋಸ್ಕರ ಬತ್ತಾಳೋ?"

"ಅದು ಬೇರೆ ವಿಷಯ," ಅಂದ ವಿಷ್ಣುಮೂರ್ತಿ.

ಸರಸ ನಂಜುಂಡನ ಹೆಂಡತಿ. ಹಿಂದಿನ ಕನ್ನಡ ಸಿನಿಮಾ ಬಂದ ದಿವಸ ಇದೇ ಅಂಗಳದಿಂದ ಹೊರಟವಳು ಪೋರೂರಿನಲ್ಲಿದ್ದ ತನ್ನ ತಮ್ಮ ತಿರುಮಲನ ಮನೆ ಸೇರಿದ್ದಳು. ಆಮೇಲೆ ಮನೆಗೆ ಬಂದಿಲ್ಲ. ಸಿಟ್ಟಿನಲ್ಲಿ ಹೋದವಳು ತಾನಾಗೇ ಬರುತ್ತಾಳೆ ಎಂದು ಮೊದಮೊದಲು ನಂಜುಂಡ ಮೀಸೆ ತಿರುವಿಕೊಂಡಿದ್ದ. ಈಗ ಅವನಿಗೆ ರಾತ್ರಿ ನಿದ್ದೆ ಇಲ್ಲ, ಹಗಲು ಕೆಲಸದಲ್ಲಿ ಗಮನವಿಲ್ಲ. ಇವತ್ತು ಅವಳನ್ನು ಮನೆಗೆ ಕರೆದುಕೊಂಡು ಹೋಗದಿದ್ದರೆ ಇನ್ನು ಅವಳು ಬರುವುದಿಲ್ಲ ಎಂಬ ಭಯ ಅವನದು.

"ಈ ಪಿಕ್ಚರಿನ ವಿಲನ್ ನಮ್ಮ ಹೋಟೆಲಿಗೆ ಬರ್ತಾನೆ, ಗೊತ್ತುಂಟಾ?" ಅಂದ ವಿಷ್ಣುಮೂರ್ತಿ. "ಕಾಫಿಗೆ ಸಕ್ಕರೆ ಕಮ್ಮಿ ಅಂತ ಹೇಳ್ಲಿಕ್ಕೂ ನಾಚಿಕೆ ಅವನಿಗೆ. ಹೆಂಡತಿ ಕೂತ ಮೇಲೇ ತಾನು ಕೂರುವುದು."

"ಹೀರೋ?" ಅಂದ ರಮೇಶ್.

"ಅವನ ಸುದ್ದಿ ಬೇಡ. ಚಟ್ನಿ ತಡವಾದರೆ ತಟ್ಟೆ ಬಿಸಾಡ್ತಾನೆ."

"ನೋಡಿದ್ರಾ ಅಣ್ಣ? ನೀವು ಹೀರೋ ಜಾತಿ," ಅಂದ ರಮೇಶ್. "ಪಿಕ್ಚರಲ್ಲಿ ಹೆಂಡ್ತಿ ಕೋಪ ಮಾಡ್ಕೊಂಡು ಹೋದ್ರೆ ಹೀರೋಗೆ ಜ್ವರ ಬರುತ್ತೆ. ಅವಳು ಓಡಿ ಬಂದು ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ತಾಳೆ. ನೀವೂ ಚುಮ್ಮಾ ಎರಡು ದಿವಸ ಮಲಕ್ಕೊಳ್ಳಿ."

"ಜ್ವರ ಬಂದ್ರೂ ನಾನು ವರ್ಕ್‌ಶಾಪಿಗೆ ಹೋಯ್ತೀನಿ ಅಂತ ಅವಳಿಗೆ ಗೊತ್ತು ಕಣಪ್ಪ."

"ಹಂಗಾದ್ರೆ ಮಲ್ಲಿಗೆ ಹೂವು."

"ಮಕದ ಮೇಲೆ ಎಸೀತಾಳೆ."

"ಎಸೀಲಿ ಬಿಡಿ. ಹೂ ಎಸೆದ ಮೇಲೇ ಅಲ್ವಾ ಹಾಡು ಬರೋದು."

ವಿಷ್ಣುಮೂರ್ತಿ ನಕ್ಕ. ನಂಜುಂಡ ಅವನ ಮೇಲೆ ತಿರುಗಿಬಿದ್ದ. "ನೀನ್ಯಾಕ್ಲಾ ನಗ್ತೀಯ? ಹೆಂಡ್ತೀನ ಊರಲ್ಲಿ ಬುಟ್ಟು ವರ್ಸಕ್ಕೊಂದು ಸಲ ಮಕ ನೋಡೋನು."

"ಅದಕ್ಕೇ ನಮ್ಮಲ್ಲಿ ಜಗಳ ಇಲ್ಲದ್ದು ಮಾರಾಯ." ವಿಷ್ಣುಮೂರ್ತಿ ಎಲೆಯಡಿಕೆ ಬಾಯಿಗಿಟ್ಟುಕೊಂಡ. "ಅವತ್ತು ನಾನು ಡ್ಯೂಟಿಯಲ್ಲಿದ್ದೆ. ಸರಿಯಾಗಿ ಹೇಳು, ಎಂತ ಆದದ್ದು?"

ಆದದ್ದು ಇಷ್ಟೇ. ಆ ಟಾಕೀಸಿನಲ್ಲಿ ಗಂಡಸರ ಕ್ಯೂ ಎಂದರೆ ಅಂಗಿ ಹರಿಯುವ ಕ್ಯೂ. ಹೆಂಗಸರದು ಚಿಕ್ಕದು. ಬುದ್ಧಿವಂತ ಗಂಡಸರೆಲ್ಲ ಹೆಂಡತಿಯರನ್ನು ಬಿಸಿಲಲ್ಲಿ ನಿಲ್ಲಿಸಿ ತಾವು ನೆರಳಲ್ಲಿ ಕಾಫಿ ಕುಡಿಯುತ್ತಿದ್ದರು. ರಮೇಶನ ಹೆಂಡತಿ ಸುಮತಿಗೆ ಎಳೆ ಮಗು, ವಿಷ್ಣುಮೂರ್ತಿಯ ಹೆಂಡತಿ ಊರಲ್ಲಿ. ಹಾಗಾಗಿ ಇಡೀ ಗುಂಪಿಗೆ ಟಿಕೆಟ್ ತರುವವಳು ಸರಸ ಒಬ್ಬಳೇ.

"ಅವತ್ತು ನೂಕುನುಗ್ಗಲಾಗಿ ಸೆರಗು ಹರಕಂಡು ಬಂದ್ಲು," ಅಂದ ನಂಜುಂಡ. "ತಂದಿದ್ದು ಬೆಂಚು ಟಿಕೆಟ್ಟು. ಬಾಲ್ಕನಿ ತರಕ್ಕೆ ನಿನಗೇನಾಗಿತ್ತು ದಾಡಿ ಅಂದೆ. ಎಲ್ರೂ ಇದ್ರು. ಟಿಕೆಟ್ಟುಗಳನ್ನ ಈ ರಮೇಶನ ಕೈಗೆ ತುರುಕಿ ಹೊಂಟೋದ್ಲು."

"ನೀನು?"

"ನಾನೇನು? ಪಿಚ್ಚರ್ ಸುರುವಾಗಿತ್ತು."

"ಅತ್ತಿಗೆ ಸೀಟಲ್ಲಿ ಚಕ್ಕುಲಿ ಡಬ್ಬ ಇಟ್ವಿ," ಅಂದ ರಮೇಶ್.

"ಪೂರ್ತಿ ನೋಡಿದೆಯಾ?"

"ಮನೇಗೋಗಿರ್ತಾಳೆ ಅಂದ್ಕಂಡೆ."

ವಿಷ್ಣುಮೂರ್ತಿ ಎಲೆಯಡಿಕೆ ಉಗಿದು ಬಂದ.

ಅಷ್ಟರಲ್ಲಿ ರಮೇಶ್ ನಂಜುಂಡನ ಮೊಣಕೈ ತಿವಿದ. ಸರಸ ತನ್ನ ತಮ್ಮನ ಹೆಂಡತಿ ಕೌಸಲ್ಯಾಳ ಜೊತೆ ಬಂದು ಹೆಂಗಸರ ಕ್ಯೂ ಸೇರಿದ್ದಳು. ಗಂಡನ ಕಡೆ ಕಣ್ಣು ಹಾಯಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ರಮೇಶ್ ಜೇಬಿನಿಂದ ನೋಟು ತೆಗೆದು ನಂಜುಂಡನ ಕೈಗೆ ತುರುಕಿದ.

"ಹೋಗಿ ಅಣ್ಣ. ನಮಗೂ ಟಿಕೆಟ್ ತಗೋ ಅನ್ನಿ. ಮಾತು ಅಲ್ಲಿಂದಲೇ ಸ್ಟಾರ್ಟ್ ಆಗುತ್ತೆ."

"ಗಂಡಸರ ಕ್ಯೂ ಆಗಲೇ ರಸ್ತೆ ಮುಟ್ಟಿದೆ," ಅಂದ ವಿಷ್ಣುಮೂರ್ತಿ. "ನಿನಗೂ ಒಳ್ಳೆದು, ನಮಗೂ ಒಳ್ಳೆದು."

ಹೆಂಗಸರ ಕ್ಯೂ ಅಂದರೆ ಗೋಡೆಗೂ ಕಬ್ಬಿಣದ ಕಂಬಿಗೂ ನಡುವಿನ ಇಕ್ಕಟ್ಟು ದಾರಿ. ನಂಜುಂಡ ಕಂಬಿಯ ಈಚೆ ನಿಂತು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ಬಿಡುವ ಮೊದಲೇ, ಅವನ ಮುಖವನ್ನೂ ನೋಡದೆ, ಸರಸ ಕಂಬಿಯ ಸಂದಿಯಿಂದ ಕೈ ಚಾಚಿದಳು.

"ಎಷ್ಟು?"

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅತ್ತಿದ್ದರೆ ಬಾಯಿ ಮುಚ್ಚು ಅನ್ನುತ್ತಿದ್ದ. ಈ ಚಾಚಿದ ಕೈ ನೋಡಿ ನೋಟನ್ನು ಜೇಬಿಗೆ ಹಾಕಿಕೊಂಡ.

"ಟಿಕೆಟ್ಟಿಗೆ ಬಂದಿಲ್ಲ."

"ಮತ್ತೆ?"

"ಮನೇಗೆ ಬಾ."

ಕ್ಯೂ ಮುಂದೆ ಹೋಯಿತು. ಸರಸ ಸರಿದಳು. ಕಂಬಿಯ ಈಚೆಯಿಂದ ನಂಜುಂಡನೂ ಸರಿದ.

"ಯಾಕೆ ಬರ್ಬೇಕು?"

"ಯಾಕೆ ಅಂದ್ರೆ? ಅದು ಮನೆ ಅಲ್ವಾ?"

"ಅವತ್ತು ಪಿಚ್ಚರ್ ಚೆನ್ನಾಗಿತ್ತಾ?" ಅಂದಳು ಸರಸ. "ಜೋರಾಗಿ ನಗ್ತಿದ್ರಂತೆ. ರಮೇಶ ಸುಮತಿಗೆ ಹೇಳಿದ್ದಾನೆ."

"ತಮಾಸೆ ಸೀನು ಬಂದ್ರೆ ನಗದೆ ಏನ್ಮಾಡ್ಲಿ?"

ಮಾತು ಬಾಯಿಂದ ಹೊರಗೆ ಬೀಳುತ್ತಿದ್ದಂತೆಯೇ ಎಡವಟ್ಟಾಯಿತೆಂದು ಅವನಿಗೆ ಗೊತ್ತಾಯಿತು. ಹಿಂದಿದ್ದ ದಪ್ಪನೆಯ ಹೆಂಗಸೊಬ್ಬಳು, "ಕೇಳಿದ್ರಾ, ಇವರಿಗೆ ನಗದೆ ಆಗ್ಲಿಲ್ಲಂತೆ," ಅಂದಳು. ಕ್ಯೂನಲ್ಲಿ ಗುಜುಗುಜು ಶುರುವಾಯಿತು. ಮುದುಕಿಯೊಬ್ಬಳು, "ಹೋಗು ಮಗಾ, ಗಂಡಸ್ರೆಲ್ಲ ಹಿಂಗೇಯ," ಅಂದಳು. ಕಾಲೇಜು ಹುಡುಗಿಯೊಬ್ಬಳು, "ಹೋಗ್ಬೇಡಿ ಅಕ್ಕ, ನಾನಾಗಿದ್ರೆ ಹೋಗ್ತಿರ್ಲಿಲ್ಲ," ಅಂದಳು. ಏನು ಗಲಾಟೆ ಎಂದು ತಮಿಳು ಹೆಂಗಸೊಬ್ಬಳು ಕೇಳಿದ್ದಕ್ಕೆ ಕೌಸಲ್ಯಾ ಮೊದಲಿನಿಂದ ಕೊನೆತನಕ ತಮಿಳಿನಲ್ಲಿ ಕಥೆ ಹೇಳಿದಳು, ಚಕ್ಕುಲಿ ಡಬ್ಬವನ್ನೂ ಬಿಡಲಿಲ್ಲ. ಆ ಹೆಂಗಸು ನಂಜುಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರುದಾನಾ?" ಅಂದಳು.

ಬೇರೆ ದಿನವಾಗಿದ್ದರೆ ನಂಜುಂಡ ಅಷ್ಟೂ ಜನರ ಮೇಲೆ ಕೂಗಾಡಿ ಹೊರಟುಬಿಡುತ್ತಿದ್ದ. ಕಾಲು ಹೊರಡಲು ತವಕಿಸುತ್ತಲೇ ಇತ್ತು. ಕಂಬಿ ಬಿಸಿಲಿಗೆ ಸುಡುತ್ತಿತ್ತು, ಆದರೂ ಹಿಡಿದುಕೊಂಡೇ ನಡೆದ.

ಕೌಂಟರ್ ಹತ್ತಿರವಾಯಿತು. ಸರಸ ದನಿ ತಗ್ಗಿಸಿದಳು. "ಪೋರೂರಿಗೆ ಬಂದಿದ್ರಂತೆ. ಕೆರೆ ಏರಿ ಮೇಲೆ ನಿಂತಿದ್ದು ತಿರುಮಲ ಬಸ್ಸಿಂದ ನೋಡಿದ್ನಂತೆ. ಮನೆತಂಕ ಯಾಕೆ ಬರ್ಲಿಲ್ಲ?"

"ನಿನ್ ತಮ್ಮನ ಮುಂದೆ ಕೈ ಕಟ್ಕಂಡು ನಿಂತ್ಕಬೇಕಾ ನಾನು?"

"ನಾನು ಎಲ್ರ ಮುಂದೂ ನಿಂತಿದ್ದೆ, ಹರಿದ ಸೀರೇಲಿ. ಈಗ ಕಂಬಿ ಸಂದಿಯಿಂದ ಬಾ ಅಂದ್ರೆ ಬಂದ್ಬಿಡ್ಬೇಕಾ?" ಅವಳು ಮೊದಲ ಸಲ ಅವನ ಮುಖ ನೋಡಿದಳು. "ಮನೆಗೆ ಬನ್ನಿ. ತಿರುಮಲನ ಮುಂದೆ ಕೂತು ಮಾತಾಡಿ. ಬರೋದು ಬಿಡೋದು ಆಮೇಲೆ ಹೇಳ್ತೀನಿ."

"ಎತ್ತನೆ?" ಅಂದ ಕೌಂಟರಿನವನು.

"ಎರಡು," ಅಂದಳು ಸರಸ.

ಸರಸ, ಕೌಸಲ್ಯಾ ಇಬ್ಬರೂ ಒಳಗೆ ಹೋದರು. ನಂಜುಂಡ ವಾಪಸು ಬಂದು ರಮೇಶನ ನೋಟನ್ನು ರಮೇಶನ ಕೈಗೆ ಇಟ್ಟ.

"ಎಂತದು, ಕೇಳ್ಲೇ ಇಲ್ವಾ ನೀನು?" ಅಂದ ವಿಷ್ಣುಮೂರ್ತಿ.

"ಇಲ್ಲ. ನಿಮ್ ಟಿಕೆಟ್ಟು ನೀವ್ ತಗೊಳ್ರಯ್ಯ. ಕಾಲಿಲ್ವಾ ನಿಮಗೆ?"

"ಕೋಪ ಯಾಕಣ್ಣ? ಆಟ ಬಿಡುವಾಗ ಗೇಟಲ್ಲೇ ಹಿಡೀಬಹುದು. ಅಲ್ಲಿವರೆಗೆ..."

ನಂಜುಂಡ ಪೂರ್ತಿ ಕೇಳಲಿಲ್ಲ. ಒಳಗೆ ಬೆಲ್ ಹೊಡೆಯಿತು. ಅವನು ರಸ್ತೆ ದಾಟಿ ಪೋರೂರಿನ ಬಸ್ಸು ಹತ್ತಿದ.

ಸೀಟು ಖಾಲಿ ಇದ್ದರೂ ನಿಂತೇ ಇದ್ದ. ತಿರುಮಲನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿದ. ಯಾವ ಮಾತು ಶುರು ಮಾಡಿದರೂ ಅದು ಕೊನೆಗೆ ಬೈಗುಳವಾಗಿ ನಿಲ್ಲುತ್ತಿತ್ತು. ವಾಪಸು ಹೋಗಿ ಗೇಟಲ್ಲೇ ಕಾಯೋಣವೆಂದು ಒಮ್ಮೆ ಅನ್ನಿಸಿತು. ಬಸ್ಸು ನಿಂತಲ್ಲೆಲ್ಲ ಬಾಗಿಲ ಕಡೆ ನೋಡಿದ, ಇಳಿಯಲಿಲ್ಲ.

ತಿರುಮಲ ಮನೆಯ ಮುಂದೆ ಸೈಕಲ್ ಒರೆಸುತ್ತಿದ್ದ. ಭಾವನನ್ನು ಕಂಡು ಎದ್ದು ನಿಂತ. ಬನ್ನಿ ಅನ್ನಲಿಲ್ಲ.

"ಅಕ್ಕ ಸಿನಿಮಾಕ್ಕೆ ಹೋಗಿದಾಳೆ."

"ಗೊತ್ತು. ನಿನ್ನ ನೋಡಕ್ಕೇ ಬಂದೆ."

"ಏನು ವಿಷಯ?"

ಕಪಾಳಕ್ಕೆ ಹೊಡೆದ ಹಾಗೆ ಒಂದು ಉತ್ತರ ನಂಜುಂಡನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಮತ್ತೆ ಎದ್ದ. ಮತ್ತೆ ಕೂತ.

"ಸರಸನ್ನ ಮನೇಗೆ ಕಳಿಸ್ಕೊಡು ಅಂತ ಕೇಳಕ್ಕೆ ಬಂದಿದೀನಿ," ಅಂದ. ದನಿ ಜಗಳಕ್ಕೆ ಬಂದವನ ಹಾಗೇ ಇತ್ತು. ತಾನೇ ಅದನ್ನು ಕೇಳಿಸಿಕೊಂಡು, ಅದೇ ಮಾತನ್ನು ಇನ್ನೊಂದು ಸಲ ಮೆಲ್ಲಗೆ ಹೇಳಿದ.

ತಿರುಮಲ ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಸೈಕಲ್ ಮೇಲೆ ಹಾಕಿ, ಬಂದು ಎದುರಿಗೆ ಕೂತ.

"ಹೇಳಿ ಭಾವ," ಅಂದ. "ಅವತ್ತು ಏನು ನಡೀತು?"