ಎರಡು ಡಬ್ಬಿಗಳ ಲೆಕ್ಕ

ರೊಟ್ಟಿಗೆ ಅಕ್ಕಿಹಿಟ್ಟು ನಾದುತ್ತಿದ್ದೆ. ಗೇಟು ಸದ್ದಾಯಿತು. ಭದ್ರಾವತಿಯ ಫೌಂಡ್ರಿಯ ಮ್ಯಾನೇಜರ್ ಶಿವರಾಜ್ ಒಂದು ಕಾಗದ ಹಿಡಿದು ಒಳಗೆ ಬಂದರು. ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲ ಬಳಿ ನಿಂತೆ.

"ಮೇಷ್ಟ್ರೇ, ಒಂದು ಸಹಿ ಹಾಕ್ಬಿಡಿ. ಹನ್ನೊಂದಕ್ಕೆ ವಿಚಾರಣೆಯವರು ಬರ್ತಾರೆ."

ನನ್ನ ಯಜಮಾನರು ಜ್ಞಾನೇಶ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಫೌಂಡ್ರಿಯ ವಿಷಾನಿಲದ ಅಲಾರಂ ನಂಬಬಹುದೇ ಎಂದು ಪರೀಕ್ಷಿಸಿಕೊಟ್ಟವರು ಅವರೇ. ಕುಲುಮೆಯ ಪಕ್ಕದ ಗೋಡೆಯಲ್ಲಿ ಅನಿಲ ಮೂಸುವ ಎರಡು ಡಬ್ಬಿಗಳಿವೆ. ಒಂದು ಕೆಟ್ಟರೆ ಇನ್ನೊಂದು ಕೂಗಬೇಕು. ಇವರು ಬರೆದ ಲೆಕ್ಕದ ಚಿತ್ರದಲ್ಲಿ ಅವುಗಳ ಒಂದೊಂದು ಸ್ಥಿತಿಗೂ ಒಂದು ವೃತ್ತ, ವೃತ್ತದಿಂದ ವೃತ್ತಕ್ಕೆ ಬಾಣ, ಬಾಣದ ಮೇಲೆ ಅದು ಆಗುವ ಸಂಭವ. ಕಂಪ್ಯೂಟರ್ ಒಂದು ದಾರಿಯನ್ನೂ ಬಿಡದೆ ನಡೆದು ನೋಡಿತ್ತು. ಎರಡೂ ಒಟ್ಟಿಗೆ ಕುರುಡಾಗುವುದು ಕೋಟಿ ದಿನಕ್ಕೊಮ್ಮೆ ಎಂದಿತ್ತು. ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲ ಎಂದು ಇವರು ಮೊದಲ ಪುಟದಲ್ಲೇ ಬರೆದುಕೊಂಡಿದ್ದರು.

ಆಯುಧಪೂಜೆಗೆ ಆರಿಸಿದ್ದ ಕುಲುಮೆಯನ್ನು ಮರುದಿನ ಹೊತ್ತಿಸಿದರು. ಅದನ್ನು ಕಾಯುತ್ತಿದ್ದ ಓಬಯ್ಯ ವಿಷಾನಿಲಕ್ಕೆ ಸತ್ತ. ಅಲಾರಂ ಕೂಗಲಿಲ್ಲ. ಶೆಡ್ಡನ್ನು ಗೋಡೆ ಸಮೇತ ತೊಳೆದ ಮೇಲೆ ಡಬ್ಬಿಗಳನ್ನು ಪರೀಕ್ಷಿಸಿದರೆ ಎರಡೂ ಕೂಗಿದವು.

"ಡಬ್ಬಿ ಸರಿ ಇವೆ, ನಿಮ್ಮ ಲೆಕ್ಕಾನೂ ಸರಿ. ಅಂದ್ಮೇಲೆ ಓಬಯ್ಯನೇ ಸ್ವಿಚ್ ಆರಿಸಿರ್ಬೇಕು. ಅಷ್ಟೇ ಬರ್ದಿದೀವಿ."

"ಅವನ ಹೆಂಡ್ತಿ ಮಾಸ್ತಮ್ಮ ನಿನ್ನೆ ಕಾಲೇಜಿಗೆ ಬಂದಿದ್ರು. 'ನಮ್ಮನೆಯವರು ಸ್ವಿಚ್ ಮುಟ್ಟೋರಲ್ಲ ಸಾರ್' ಅಂತ ಅತ್ರು."

"ಅಯ್ಯೋ ಮಾರಾಯ್ರೆ, ಯಾವ ಹೆಂಡ್ತಿ ಬೇರೆ ಥರ ಹೇಳ್ತಾಳೆ? ಇಲ್ಲಾ, ನಿಮ್ಮ ಆ ಕೋಟಿಗೊಂದು ದಿನ ನಮ್ಮ ಶೆಡ್ಡೇ ಹುಡುಕ್ಕೊಂಡು ಬಂತಾ?"

ಇವರು ಕಾಗದ ತೆಗೆದುಕೊಂಡರು. ಒಂಬತ್ತು ದಿನದಿಂದ ಅವೇ ವೃತ್ತಗಳನ್ನು ಎಣಿಸಿ ಎಣಿಸಿ ಕಣ್ಣು ಕೆಂಪಾಗಿದ್ದವು.

ಪೂಜೆಯ ದಿನ ಇವರಿಗೆ ಪೇಪರ್ ತಿದ್ದುವುದಿತ್ತು. ಫೌಂಡ್ರಿಗೆ ನಾನು ಮತ್ತು ಮಗಳು ಶಾಂಭವಿ ಹೋಗಿದ್ದೆವು. ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ ಮುಗಿದಾಗ, ಓಬಯ್ಯನೇ ಸ್ಟೂಲು ತಂದಿಟ್ಟು, "ಅಕ್ಕಾರೇ, ನಮ್ಮನ್ನ ಕಾಯೋವು ಇವೇ. ಇವಕ್ಕೂ ಹಚ್ಚಿ" ಅಂದಿದ್ದ. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಎರಡೂ ಡಬ್ಬಿಗಳು ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ ದಪ್ಪಗೆ ಎಳೆದಿದ್ದೆ.

ಓಬಯ್ಯ ಸತ್ತಂದಿನಿಂದ ಶಾಂಭವಿ ಅಡುಗೆಮನೆಗೆ ಬರುತ್ತಾಳೆ, ನನ್ನ ಕೈ ನೋಡುತ್ತಾಳೆ, ಹೋಗುತ್ತಾಳೆ. "ಏನು ಪುಟ್ಟಿ?" ಅಂದರೆ "ಏನಿಲ್ಲಮ್ಮ." ಎರಡನೇ ಸಲ ಕೇಳುವ ಧೈರ್ಯ ನನಗೂ ಆಗಲಿಲ್ಲ.

ಇವರು ಪೆನ್ನಿನ ಮುಚ್ಚಳ ತೆಗೆದರು. ಶಿವರಾಜ್ ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಒಂದೇ ಜಡೆ ಹೆಣೆದಿದ್ದ ಶಾಂಭವಿ ಯೂನಿಫಾರ್ಮಿನಲ್ಲಿ ನನ್ನ ಪಕ್ಕ ಬಂದು ನಿಂತಳು. ಹಿಟ್ಟು ಮೆತ್ತಿದ ನನ್ನ ಬೆರಳುಗಳನ್ನು ನೋಡಿದಳು, ಆಮೇಲೆ ಅವರಪ್ಪನನ್ನು.

"ಅಮ್ಮಾ, ನೀನು ಆ ಎರಡು ಡಬ್ಬಿಗೂ ವಿಭೂತಿ ಬಳಿದ್ಯಲ್ಲ, ಅದು ಅಪ್ಪನ ಲೆಕ್ಕದಲ್ಲಿ ಇದ್ಯಾ?"